ಹೊಸ ರಟ್ಟಿನೊಳಗೆ ಹಳೆಯ ಚೆಸ್

ಮುಂಬೈಯ ಮಾಟುಂಗಾದ ಕನ್ನಡ ಮಕ್ಕಳಿಗೆ ಚೆಸ್ ಕಲಿಸಲೆಂದು ಕಿಂಗ್ಸ್ ಸರ್ಕಲ್‌ನ ಫುಟ್‌ಪಾತ್ ಅಂಗಡಿಯಲ್ಲಿ ಈ ಚೆಸ್ ಒಗಟುಗಳ ಪುಸ್ತಕ ಕೊಂಡೆ. ಕಾಗದ ಚೆನ್ನಾಗಿದೆ. ಆದರೆ ಒಗಟುಗಳೆಲ್ಲ ಅದೇ ಲೇಖಕರ ಹಿಂದಿನ ಪುಸ್ತಕದವು. ಕ್ರಮಸಂಖ್ಯೆ ಬದಲಾಗಿದೆ, ಅಚ್ಚಿನ ತಪ್ಪುಗಳು ಹಾಗೆಯೇ ಉಳಿದಿವೆ.

1851ರಲ್ಲಿ ಲಂಡನ್ನಿನಲ್ಲಿ ಆಗಿನ ಹೆಸರಾಂತ ಆಟಗಾರರಾದ ಆಂಡರ್ಸನ್ ಮತ್ತು ಕೀಸೆರಿಟ್ಸ್ಕಿ ಆಡಿದ ‘ಅಮರ ಆಟ’ವನ್ನು ಪಂದ್ಯಾವಳಿಯ ಫೈನಲ್ ಎಂದಿದ್ದಾರೆ. ಅದು ಪಂದ್ಯಾವಳಿಯ ಹೊರಗೆ, ಖುಷಿಗಾಗಿ ಆಡಿದ ಆಟ! ಎರಡೂ ಆನೆ, ಒಂದು ಒಂಟೆ, ಕೊನೆಗೆ ರಾಣಿಯನ್ನೂ ಬಿಟ್ಟುಕೊಟ್ಟು ಆಂಡರ್ಸನ್ ಗೆದ್ದರು. ಬಹುಮಾನದ ಹಂಗಿಲ್ಲದ ಆ ಧೈರ್ಯವನ್ನೇ ಮಕ್ಕಳಿಗೆ ತೋರಿಸಬೇಕಿತ್ತು. ವಿಶ್ವನಾಥನ್ ಆನಂದ್ ಗ್ರ್ಯಾಂಡ್‌ಮಾಸ್ಟರ್ ಆದದ್ದು 1988ರಲ್ಲಿ. ಇಲ್ಲಿ 1991 ಎಂದಿದೆ. ಒಂದು ಚಿತ್ರದಲ್ಲಂತೂ ಬಿಳಿ ಇರಬೇಕಾದ, ಆಟಗಾರನ ಬಲಮೂಲೆಯ ಮನೆಯೇ ಕಪ್ಪು.

ಕಲಿಯುವವರಿಗೆ ಇದನ್ನು ಕೊಡಬೇಡಿ. ತಪ್ಪುಗಳ ಪಟ್ಟಿಯನ್ನು ಪ್ರಕಾಶಕರಿಗೆ ಅಂಚೆಯಲ್ಲಿ ಕಳುಹಿಸಿದ್ದೇನೆ.