ಶೇವಿಂಗ್ ಬ್ರಷ್: ಆ ಕೂದಲು ಯಾರದ್ದು?

ಹಂಪನಕಟ್ಟೆಯ ಫ್ಯಾನ್ಸಿ ಅಂಗಡಿ ಇರಲಿ, ಉಡುಪಿ ರಥಬೀದಿ ಇರಲಿ, ಅಗ್ಗದ ಶೇವಿಂಗ್ ಬ್ರಷ್ಷಿನ ಡಬ್ಬಿಯಲ್ಲಿ ‘ನ್ಯಾಚುರಲ್ ಬ್ರಿಸಲ್’ ಎಂದಷ್ಟೇ ಇದ್ದರೆ ಅದು ಹೆಚ್ಚಾಗಿ ಹಂದಿ ಕೂದಲು. ಹಂದಿಯನ್ನು ಮುಟ್ಟದ ಬ್ಯಾರಿ ಮನೆಗಳಿಗೂ, ಮೂಡುಬಿದಿರೆ, ಕಾರ್ಕಳದ ಜೈನ ಮನೆಗಳಿಗೂ ಇದು ಸಣ್ಣ ಸಂಗತಿಯಲ್ಲ. ದಿನಾ ಮುಖಕ್ಕೆ ತಾಗುವ ವಸ್ತು ಯಾವ ಪ್ರಾಣಿಯದ್ದೆಂದು ಬರೆಯದಿರುವುದು ತಪ್ಪು.

ಗೊತ್ತು ಮಾಡಿಕೊಳ್ಳಲು ಒಂದು ಉಪಾಯ ಇದೆ. ಉದುರಿದ ಒಂದು ಎಳೆಯನ್ನು ಚಿಮುಟದಲ್ಲಿ ಹಿಡಿದು ಬೆಂಕಿ ತಾಗಿಸಿ. ಪ್ರಾಣಿ ಕೂದಲಾದರೆ ಸುಟ್ಟ ಕೂದಲಿನದ್ದೇ ವಾಸನೆ, ಉಳಿಯುವ ಕರಿ ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಸಿಂಥೆಟಿಕ್ ಆದರೆ ಕರಗಿ, ತುದಿಯಲ್ಲಿ ಗಟ್ಟಿ ಮಣಿ ಕೂರುತ್ತದೆ. ಕರಿ ಪಟ್ಟೆ ನೋಡಿ ‘ಬ್ಯಾಜರ್’ ಎಂಬ ಕಾಡುಪ್ರಾಣಿಯ ಕೂದಲೆಂದು ನಂಬಬೇಡಿ, ಆ ಪಟ್ಟೆಯನ್ನು ಹಂದಿ ಕೂದಲಿಗೂ ನೈಲಾನಿಗೂ ಬಣ್ಣ ಹಾಕಿ ತರಿಸುತ್ತಾರೆ.

ಬ್ಯಾಜರ್ ನಮ್ಮ ತರಕರಡಿಯ ದೂರದ ನೆಂಟ. ಬ್ರಷ್ಷಿನ ಕೂದಲು ಬಹುಪಾಲು ಚೀನಾದ್ದು, ಅದನ್ನು ಪಡೆಯಲು ಪ್ರಾಣಿ ಸಾಯಲೇಬೇಕು. ಬ್ರಿಟನ್ನಿನಲ್ಲಿ ಲೈಸೆನ್ಸ್ ಇಲ್ಲದೆ ಬ್ಯಾಜರನ್ನು ಕೊಲ್ಲುವುದು 1992ರ ಕಾಯ್ದೆಯಂತೆ ಅಪರಾಧ, ಆದರೂ ಹೊರಗಿನಿಂದ ಬಂದ ಕೂದಲಿನ ಬ್ರಷ್ ಅಲ್ಲಿ ಧಾರಾಳವಾಗಿ ಮಾರಾಟವಾಗುತ್ತದೆ. ಚಿತ್ರ ಬಿಡಿಸುವ ಬ್ರಷ್ಷಿಗೆ ಮುಂಗುಸಿ ಕೂದಲು ಬಳಸುವುದನ್ನು ನಮ್ಮ 1972ರ ವನ್ಯಜೀವಿ ಕಾಯ್ದೆ ತಡೆದಿದೆ. ಮುಂಗುಸಿಯ ವಿಷಯದಲ್ಲಿ ಸರಿ ಎಂದು ಒಪ್ಪಿದ್ದನ್ನು ಬ್ಯಾಜರಿನ ವಿಷಯದಲ್ಲಿ ಬಿಟ್ಟುಕೊಡಲು ಕಾರಣವೇ ಇಲ್ಲ. ಹಂದಿ ಕೂದಲು ಮಾಂಸದ ಉಪ ಉತ್ಪನ್ನ. ಕುದುರೆಯ ಬಾಲ, ಕೇಸರದ ಕೂದಲನ್ನು ಜೀವಂತ ಪ್ರಾಣಿಯಿಂದಲೇ ಕತ್ತರಿಸಬಹುದು. ಪ್ರಾಣಿ ಕೂದಲೇ ಬೇಕೆನ್ನುವವರಿಗೆ ಇದ್ದುದರಲ್ಲಿ ಇದೇ ವಾಸಿ.

ನಮ್ಮ ಆಯ್ಕೆ ಬುಡದಲ್ಲಿ 24 ಮಿಲಿಮೀಟರ್ ಅಗಲದ ಗೊಂಚಲಿನ, ರೆಸಿನ್ ಹಿಡಿಯ ಸಿಂಥೆಟಿಕ್ ಬ್ರಷ್. ಹಳೆಯ ನೈಲಾನ್ ಬ್ರಷ್ ಮುಖಕ್ಕೆ ಚುಚ್ಚುತ್ತಿತ್ತು, ನೀರನ್ನೂ ಹಿಡಿಯುತ್ತಿರಲಿಲ್ಲ. ಈಗಿನ ಪಿಬಿಟಿ ಎಂಬ ಪ್ಲಾಸ್ಟಿಕ್ಕಿನ ಎಳೆಗಳ ತುದಿ ಸಪೂರ, ಹಾಗಾಗಿ ಮೆತ್ತಗೆ. ಹಂದಿ ಕೂದಲನ್ನು ಎರಡು ಮೂರು ನಿಮಿಷ ನೆನೆಸಬೇಕು, ತುದಿ ಸೀಳಿ ಹದಕ್ಕೆ ಬರಲು ಹದಿನೈದು ಇಪ್ಪತ್ತು ಶೇವ್ ಬೇಕು. ಇದಕ್ಕೆ ಅದ್ಯಾವುದೂ ಇಲ್ಲ. ಅದ್ದಿ, ಎರಡು ಸಲ ಕೊಡವಿ, ಬಾದಾಮಿ ಗಾತ್ರದ ಕ್ರೀಮ್ ಇಟ್ಟು ಮುಖದ ಮೇಲೆ ಅರ್ಧ ನಿಮಿಷ ಸುತ್ತಿಸಿ. ನೊರೆ ಮಂದವಾದಾಗ ತುದಿಗೆ ಮಾತ್ರ ನಾಲ್ಕೈದು ಹನಿ ನೀರು ಮುಟ್ಟಿಸಿ, ಗೋಡೆಗೆ ಸುಣ್ಣ ಬಳಿದ ಹಾಗೆ ಎಳೆಯಿರಿ.

ದೋಷಗಳೂ ಇವೆ. ಎಳೆಗಳಿಗೆ ಸ್ಪ್ರಿಂಗಿನ ಗುಣ ಜಾಸ್ತಿ, ಒತ್ತಿದರೆ ನೊರೆ ಕನ್ನಡಿಗೆಲ್ಲ ಹಾರುತ್ತದೆ. ಒಳಗೆ ನೀರು ಉಳಿಯುವುದು ಕಮ್ಮಿ, ಫ್ಯಾನಿನ ಕೆಳಗೆ ಕೂತರೆ ನೊರೆ ಬೇಗ ಒಣಗುತ್ತದೆ. ಪ್ಲಾಸ್ಟಿಕ್ ಎಂಬ ಆಕ್ಷೇಪವೂ ನಿಜವೇ. ಆದರೆ ಹತ್ತು ವರ್ಷ ಬಾಳುವ ಒಂದು ಬ್ರಷ್ಷನ್ನು, ಆರು ತಿಂಗಳಿಗೊಮ್ಮೆ ಬಿಸಾಡುವ ಫೋಮ್ ಡಬ್ಬಿಗಳ ಪಕ್ಕ ಇಟ್ಟು ಅಳೆಯಬೇಕು.

ಕರಾವಳಿಯವರಿಗೆ ಇನ್ನೊಂದು ಕಾರಣ ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಚ್ಚಲಲ್ಲಿ ಪ್ರಾಣಿ ಕೂದಲಿನ ಬ್ರಷ್ ಒಂದು ರಾತ್ರಿಯಲ್ಲಿ ಒಣಗುವುದೇ ಇಲ್ಲ. ಬುಡದಲ್ಲಿ ಬೂಷ್ಟು, ಮುಗ್ಗಲು ವಾಸನೆ, ಆಮೇಲೆ ಕೂದಲು ಉದುರುವುದು. ಮರದ ಹಿಡಿ ಉಬ್ಬಿ ಬಿರುಕು ಬಿಡುತ್ತದೆ. ಸಿಂಥೆಟಿಕ್ ಎಳೆ ನೀರು ಕುಡಿಯುವುದಿಲ್ಲ, ಕೊಡವಿ ಗಾಳಿಯಾಡುವಲ್ಲಿ ಇಟ್ಟರೆ ಸಾಕು, ಮುಚ್ಚಿದ ಕಪಾಟು ಬೇಡ. ಬುಡದಲ್ಲಿ ಸೋಪು ಕಟ್ಟದಂತೆ ಬೆರಳಿನಿಂದ ಬಿಡಿಸಿ ತೊಳೆಯಿರಿ.

ಹಂಡೆಯ ಕುದಿ ನೀರಿಗೆ ಮಾತ್ರ ಅದ್ದಬೇಡಿ, ಒಳಗಿನ ಅಂಟು ಸಡಿಲವಾಗಿ ಗೊಂಚಲೇ ಕಳಚಿ ಬರುತ್ತದೆ. ಬಂದರೂ ಎಸೆಯಬೇಕಾಗಿಲ್ಲ. ಎರಡು ದಿನ ಒಣಗಿಸಿ, ಗುಳಿಯ ಹಳೆ ಅಂಟನ್ನು ಕೆರೆದು, ಅರಾಲ್ಡೈಟ್ ಅಂಟಿನ ಎರಡೂ ಟ್ಯೂಬಿನಿಂದ ಸಮ ತೆಗೆದು ಕಲಸಿ ಹಾಕಿ, ಗೊಂಚಲನ್ನು ನೇರ ಕೂರಿಸಿ. 24 ಗಂಟೆ ನೀರು ತಾಗಿಸಬಾರದು.