ಕಲಬುರಗಿಯಲ್ಲಿ ವಿದ್ಯುತ್ ವಾಹನ: ಆಟೋ ಸಂಘವೋ, ಸಾರಿಗೆ ನಿಗಮವೋ?

ಕಲಬುರಗಿಯಲ್ಲಿ ವಿದ್ಯುತ್ ವಾಹನ ಓಡಿಸಲು ನೆರವಾಗಲು ಹೊರಟ ಸಂಸ್ಥೆ ಯಾರ ಜೊತೆ ಕೈಜೋಡಿಸಬೇಕು, ಆಟೋ ಸಂಘವೋ, ಸಾರಿಗೆ ನಿಗಮವೋ? ನಿಮ್ಮ ಸಂಸ್ಥೆ ಚಿಕ್ಕದಿದ್ದರೆ ಮೊದಲು ಆಟೋ ಚಾಲಕರ ಸಂಘದ ಜೊತೆ ಕೂಡಿ ಎಂದೇ ನನ್ನ ಮಾತು. ಸೂಪರ್ ಮಾರ್ಕೆಟ್ ಪ್ರದೇಶದಿಂದ ರೈಲ್ವೆ ಸ್ಟೇಷನ್‌ವರೆಗಿನ ಸಣ್ಣ ಓಡಾಟಕ್ಕೆ ಇ-ಆಟೋ ಚೆನ್ನಾಗಿ ಒಗ್ಗುತ್ತದೆ. ತೊಡಕು ಎರಡು: ಸಾಲದ ಕಂತು, ನಮ್ಮ ಬಿಸಿಲು. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ಊರಿದು; ಆ ಕಾವಿಗೆ ಬ್ಯಾಟರಿಯ ಆಯುಷ್ಯ ಕುಗ್ಗುತ್ತದೆ. ಹಾಗಾಗಿ ನೆರಳಿರುವ ಚಾರ್ಜಿಂಗ್ ಜಾಗ, ಬ್ಯಾಟರಿ ವಾರಂಟಿ, ಕಂತು ತಪ್ಪಿದರೆ ಹೊಣೆ ಯಾರದು, ಇಷ್ಟನ್ನೂ ಒಪ್ಪಂದದಲ್ಲಿ ಬರೆಸಿ. ಬಾಯಿಮಾತಿಗೆ ಬಿಟ್ಟರೆ ಕೊನೆಗೆ ಸಿಕ್ಕಿಬೀಳುವವನು ಬಡ ಚಾಲಕನೇ.

ಇನ್ನು ಸಾರಿಗೆ ನಿಗಮದ ಮಾತು. ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಕೇಂದ್ರ ಕಚೇರಿ ಇಲ್ಲೇ ಇದೆ. ಆಳಂದ, ಜೇವರ್ಗಿಯ ದೂರಕ್ಕೆ ಬಸ್ಸೇ ಸರಿ. ಆದರೆ ಟೆಂಡರ್, ಡಿಪೋಗೆ ಜೆಸ್ಕಾಂ (ಇಲ್ಲಿನ ವಿದ್ಯುತ್ ಸರಬರಾಜು ಕಂಪನಿ) ಲೈನು ಎಂದು ಕಾಯಬೇಕು. ಅಲ್ಲಿ ನಿಮ್ಮ ಪಾಲಿಗೆ ಬರುವುದು ಪ್ರಯಾಣಿಕರ ಬೇಡಿಕೆ ಬರೆದಿಟ್ಟು ಅಧಿಕಾರಿಗಳ ಮುಂದಿಡುವ ಕೆಲಸ.