ಅಕ್ಕನ ಮದುವೆ ಟೇಪು ಮತ್ತು ಸುಳ್ಳು ಹೇಳುವ ಫೈಲು: ಹ್ಯಾಂಡ್‌ಬ್ರೇಕೋ, ಎಫ್‌ಎಫ್‌ಎಂಪೆಗ್ಗೋ?

ಎರಡೂ ವಿಡಿಯೋ ಫೈಲನ್ನು ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸುವ ಉಚಿತ ತಂತ್ರಾಂಶಗಳು. ಹ್ಯಾಂಡ್‌ಬ್ರೇಕನ್ನು ಬಟನ್ ಒತ್ತಿ ನಡೆಸಬಹುದು, ಎಫ್‌ಎಫ್‌ಎಂಪೆಗ್‌ಗೆ ಕಮಾಂಡ್ ಟೈಪ್ ಮಾಡಬೇಕು. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಎಫ್‌ಎಫ್‌ಎಂಪೆಗ್‌ಗೆ. ಹ್ಯಾಂಡ್‌ಬ್ರೇಕ್ ಕೆಟ್ಟದ್ದು ಅಂತಲ್ಲ. ನನ್ನ ಕೈಗೆ ಬಂದ ಫೈಲುಗಳು ಸುಳ್ಳು ಹೇಳುತ್ತಿದ್ದವು. ಆ ಸುಳ್ಳನ್ನು ಹಿಡಿಯುವುದಕ್ಕೂ ತಿದ್ದುವುದಕ್ಕೂ ಎಫ್‌ಎಫ್‌ಎಂಪೆಗ್ ಜಾಸ್ತಿ ಒದಗಿತು.

ಅಕ್ಕನ ಮದುವೆ ಆಗಿದ್ದು 2005ರಲ್ಲಿ. ಚಿಕ್ಕಪ್ಪ ತೆಗೆದ ಆರು ಮಿನಿಡಿವಿ ಟೇಪುಗಳು ಬೀರುವಿನಲ್ಲಿದ್ದವು. ಕ್ಯಾಸೆಟ್ ಕನ್ವರ್ಟ್ ಮಾಡಿಕೊಡುವ ಒಂದು ಅಂಗಡಿಗೆ ಕೊಟ್ಟೆ. ಪೆನ್‌ಡ್ರೈವ್‌ನಲ್ಲಿ ಆರು ಎಂಪಿ4 ಫೈಲು ಬಂದವು. ಟಿವಿಗೆ ಹಾಕಿದರೆ, ಸುಮ್ನೆ ನಿಂತವರೆಲ್ಲ ಚೆನ್ನಾಗಿಯೇ ಇದ್ದಾರೆ, ಅಲ್ಲಾಡಿದವರ ಅಂಚೆಲ್ಲ ಕಿತ್ತುಹೋಗಿದೆ. ಗಟ್ಟಿಮೇಳ ಬಾರಿಸಿ ಎಲ್ಲರೂ ಅಕ್ಷತೆ ಹಾಕುವ ಹೊತ್ತಿಗೆ ನಿಲ್ಲಿಸಿ ನೋಡಿದೆ. ಒಂದೊಂದು ಕಾಳೂ ಎರಡಾಗಿತ್ತು. ಎರಡರ ಮೈಮೇಲೂ ಬಾಚಣಿಗೆ ಹಲ್ಲಿನಂತೆ ಅಡ್ಡ ಗೆರೆ.

ಇದು ಇಂಟರ್‌ಲೇಸ್ ವಿಡಿಯೋದ ಗುರುತು. ನಮ್ಮ ದೇಶದ ಟಿವಿಯ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಫ್ರೇಮು, ಫ್ರೇಮಿಗೆ 576 ಗೆರೆ. ಆದರೆ ಒಂದು ಫ್ರೇಮಿನೊಳಗೆ ಎರಡು ಫೀಲ್ಡ್ ಇರುತ್ತವೆ. ಸಮ ಗೆರೆಗಳು ಒಂದು ಕ್ಷಣದ್ದು, ಬೆಸ ಗೆರೆಗಳು ಸೆಕೆಂಡಿನ 50ನೇ ಒಂದು ಭಾಗ ಆಚೀಚಿನದು. ಅಷ್ಟರಲ್ಲಿ ಅಕ್ಷತೆ ಕಾಳು ಕೆಳಗೆ ಜಾರಿರುತ್ತದೆ. ಎರಡನ್ನೂ ಒಟ್ಟಿಗೆ ತೋರಿಸಿದರೆ ಹಲ್ಲು ಕಾಣದೆ ಇನ್ನೇನು?

ಆದರೆ ಫೈಲಿನ ವಿವರ ತೋರಿಸುವ ಮೀಡಿಯಾಇನ್ಫೋದಲ್ಲಿ ನೋಡಿದರೆ ಆರಕ್ಕೆ ಆರೂ ಫೈಲು ಪ್ರೋಗ್ರೆಸಿವ್, ಅಂದರೆ ಫ್ರೇಮಿನ ಗೆರೆಗಳೆಲ್ಲ ಒಂದೇ ಕ್ಷಣದ್ದು! ಅಂಗಡಿಯವರು ಎಚ್.264 ಎಂಬ ವಿಡಿಯೋ ರೂಪಕ್ಕೆ ಬದಲಿಸುವಾಗ ಇದು ಇಂಟರ್‌ಲೇಸ್ ಎಂದು ಎನ್‌ಕೋಡರ್‌ಗೆ ಹೇಳಿಲ್ಲ, ಅದು ತನ್ನ ಪಾಡಿಗೆ ಪ್ರೋಗ್ರೆಸಿವ್ ಎಂದು ಬರೆದುಕೊಂಡಿದೆ. ಸಕ್ಕರೆ ಎಂದು ಚೀಟಿ ಅಂಟಿಸಿದ ಡಬ್ಬಿಯಲ್ಲಿ ಉಪ್ಪು. ಟಿವಿ, ವಿಎಲ್‌ಸಿ ಪ್ಲೇಯರ್ ಎಲ್ಲ ಚೀಟಿ ನೋಡಿಯೇ ಡಿಇಂಟರ್‌ಲೇಸ್ (ಫೀಲ್ಡುಗಳನ್ನು ಬಿಡಿಸಿ ಹಲ್ಲು ತೆಗೆಯುವುದು) ಮಾಡಬೇಕೋ ಬೇಡವೋ ಎಂದು ತೀರ್ಮಾನಿಸುತ್ತವೆ. ವಿಎಲ್‌ಸಿಯಲ್ಲಿ ಆಟೊಮ್ಯಾಟಿಕ್ ತೆಗೆದು ಆನ್ ಮಾಡಿದ ಕೂಡಲೇ ಹಲ್ಲು ಮಾಯ. ಉಲ್ಟಾ ಸುಳ್ಳೂ ಉಂಟು. ಬ್ಲೂ-ರೇಯಲ್ಲಿ 1080 ಗೆರೆಯ ಚಿತ್ರಕ್ಕೆ ಸೆಕೆಂಡಿಗೆ 25 ಪ್ರೋಗ್ರೆಸಿವ್ ಫ್ರೇಮುಗಳ ಅವಕಾಶವೇ ಇಲ್ಲ. ಹಾಗಾಗಿ ಒಳಗಿರುವುದು ಪ್ರೋಗ್ರೆಸಿವ್ ಚಿತ್ರವೇ ಆದರೂ ಮೇಲೆ ಇಂಟರ್‌ಲೇಸ್ ಚೀಟಿ ಹಚ್ಚುತ್ತಾರೆ.

ಮೊದಲು ಹ್ಯಾಂಡ್‌ಬ್ರೇಕ್. ಅದರ ಇಂಟರ್‌ಲೇಸ್ ಡಿಟೆಕ್ಷನ್ ಚೀಟಿಯನ್ನು ನಂಬದೆ ಚಿತ್ರವನ್ನೇ ನೋಡುತ್ತದೆ. ಹಲ್ಲು ಕಂಡ ಫ್ರೇಮುಗಳನ್ನಷ್ಟೇ ತಿದ್ದುವ ಡಿಕಾಂಬ್ ಫಿಲ್ಟರ್ ಇಟ್ಟು ಓಡಿಸಿದೆ, ಮುಕ್ಕಾಲು ಪಾಲು ಒಂದೇ ಸಲಕ್ಕೆ ಸರಿಹೋಯಿತು. ಹಲ್ಲು ಸಣ್ಣದಾಗಿದ್ದ ಕೆಲವು ಫ್ರೇಮುಗಳನ್ನು ಮಾತ್ರ ಹಾಗೇ ಬಿಟ್ಟಿತ್ತು. ಆಮೇಲೆ 50 ಫೀಲ್ಡನ್ನೂ 50 ಫ್ರೇಮು ಮಾಡೋಣ ಅಂತ ಬಾಬ್ ಆರಿಸಿದೆ. ಏನೂ ವ್ಯತ್ಯಾಸ ಕಾಣಲಿಲ್ಲ. ನಾನು ಹಿಡಿದ ಪ್ರೀಸೆಟ್ಟಿನ (ಸಿದ್ಧ ಸೆಟ್ಟಿಂಗಿನ) ಹೆಸರಲ್ಲೇ 576ಪಿ25 ಎಂದಿತ್ತು, ಅಂದರೆ ಫ್ರೇಮ್ ರೇಟ್ 25 ದಾಟುವ ಹಾಗಿಲ್ಲ. ಬಾಬ್ ಮಾಡಿದ ಅರ್ಧ ಫ್ರೇಮು ಕಸಕ್ಕೆ ಹೋಗುತ್ತಿತ್ತು. 50ಕ್ಕೆ ಬದಲಿಸಿದ ಮೇಲೆ ಸರಿಯಾಯಿತು.

ಎಫ್‌ಎಫ್‌ಎಂಪೆಗ್ ಇನ್ನೂ ಜಾಸ್ತಿ ಸತಾಯಿಸಿತು. ಎಲ್ಲೋ ಬರೆದಿಟ್ಟುಕೊಂಡಿದ್ದ ಯಾಡಿಫ್ ಎಂಬ ಡಿಇಂಟರ್‌ಲೇಸ್ ಫಿಲ್ಟರಿನ ಕಮಾಂಡ್ ಸಾಲನ್ನು ಹಾಕಿ ರಾತ್ರಿ ಓಡಲು ಬಿಟ್ಟು ಮಲಗಿದೆ. ಬೆಳಗ್ಗೆ ನೋಡಿದರೆ ಆರೂ ಫೈಲು ಹೋದ ಹಾಗೇ ವಾಪಸ್ ಬಂದಿವೆ, ಹಲ್ಲು ಸಮೇತ. ಒಂದು ಎರರ್ ಕೂಡ ಇಲ್ಲ. ಯಾಡಿಫ್‌ಗೆ ಕೊಡುವ ಮೂರನೇ ಅಂಕಿ 1 ಆಗಿದ್ದರೆ, ಇಂಟರ್‌ಲೇಸ್ ಎಂಬ ಚೀಟಿ ಇರುವ ಫ್ರೇಮುಗಳನ್ನು ಮಾತ್ರ ಅದು ಮುಟ್ಟುತ್ತದೆ. ನನ್ನ ಫೈಲಿನಲ್ಲಿ ಅಂಥ ಫ್ರೇಮು ಒಂದೂ ಇರಲಿಲ್ಲ. ಅಂಕಿ 0 ಮಾಡಿದರೆ ಎಲ್ಲವನ್ನೂ ಮುಟ್ಟುತ್ತದೆ.

ಮಾಡಿದೆ. ಹಲ್ಲು ಹೋಯಿತು, ನಡುಕ ಬಂತು. ಅಕ್ಕ ನೋಡಿ, "ಇದೇನೋ, ಅಮ್ಮ ಆರತಿ ತಟ್ಟೆ ಹಿಡ್ಕೊಂಡು ನಡುಗ್ತಿದ್ದಾಳೆ?" ಅಂದಳು. ಕೈ ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ. ಯಾವ ಫೀಲ್ಡ್ ಮೊದಲು ಎಂಬ ವಿವರ ಸಿಗದಿದ್ದರೆ ಯಾಡಿಫ್ ಮೇಲಿನದ್ದೇ ಮೊದಲು ಅಂತ ಅಂದುಕೊಳ್ಳುತ್ತದೆ. ಡಿವಿ ಟೇಪಿನಲ್ಲಿ ಕೆಳಗಿನ ಫೀಲ್ಡ್ ಮೊದಲು. ಕ್ರಮ ಅದಲು ಬದಲಾದರೆ ಕಾಲವೂ ಹಿಂದೆ ಮುಂದೆ.

ನಾನು ಎಫ್‌ಎಫ್‌ಎಂಪೆಗ್‌ಗೆ ಒಲಿದದ್ದು ಈ ಜಾಗದಲ್ಲೇ. ಅದರ ಐಡೆಟ್ ಫಿಲ್ಟರ್ ಹಾಕಿದರೆ, ಮೇಲಿನ ಫೀಲ್ಡ್ ಮೊದಲಿರುವ ಫ್ರೇಮು ಎಷ್ಟು, ಕೆಳಗಿನದು ಮೊದಲಿರುವುದು ಎಷ್ಟು, ಪ್ರೋಗ್ರೆಸಿವ್ ಎಷ್ಟು, ಗೊತ್ತಾಗದ್ದು ಎಷ್ಟು ಎಂದು ಎಣಿಸಿ ಕೊಡುತ್ತದೆ. ಮೊದಲ 500 ಫ್ರೇಮು ಕೊಟ್ಟಾಗ ಗೊತ್ತಾಗದ್ದೇ ಜಾಸ್ತಿ ಬಂತು, ಯಾಕೆಂದರೆ ಟೇಪು ಶುರುವಾಗುವುದೇ ಲಗ್ನಪತ್ರಿಕೆಯಿಂದ. ಅದು ಕದಲದೆ ಬಿದ್ದಿದೆ, ಐಡೆಟ್ ಏನಂತ ಹೇಳೀತು? ಅಕ್ಷತೆ ಬೀಳುವ ಜಾಗದ 500 ಫ್ರೇಮು ಕೊಟ್ಟೆ. ಕೆಳಗಿನದು ಮೊದಲು: 431. ಮೇಲಿನದು ಮೊದಲು: ಸೊನ್ನೆ. ಆಮೇಲೆ ಸೆಟ್‌ಫೀಲ್ಡ್ ಎಂಬ ಫಿಲ್ಟರಿನಿಂದ ಚಿತ್ರವನ್ನು ಮುಟ್ಟದೆ ಚೀಟಿ ಬದಲಿಸಿ, ಅದರ ಹಿಂದೆಯೇ ಯಾಡಿಫ್ ಬದಲು ಅದೇ ಕೆಲಸದ ಬಿಡಬ್ಲ್ಯೂಡಿಫ್ ಫಿಲ್ಟರ್ ಹಾಕಿದೆ. ಅಮ್ಮನ ಕೈ ನಿಂತಿತು. ಹ್ಯಾಂಡ್‌ಬ್ರೇಕ್‌ನಲ್ಲಿ ಫೀಲ್ಡ್ ಕ್ರಮ ಹೇಳಬೇಕೆಂದರೆ ಕಸ್ಟಮ್ ಪೆಟ್ಟಿಗೆಯಲ್ಲಿ ಟೈಪ್ ಮಾಡಬೇಕು. ಟೈಪ್ ಮಾಡುವುದೇ ಆದರೆ ಎಫ್‌ಎಫ್‌ಎಂಪೆಗ್ ಏನು ಪಾಪ ಮಾಡಿತ್ತು?

ಹೈಬ್ರಿಡ್ ಎಂಬ ತಂತ್ರಾಂಶದ ಮೂಲಕ ಕ್ಯೂಟಿಜಿಎಂಸಿ ಎಂಬ ಇನ್ನೊಂದು ಡಿಇಂಟರ್‌ಲೇಸ್ ವಿಧಾನವನ್ನೂ ನೋಡಿದೆ. ಮೂರರ ಪೈಕಿ ಇದರ ಚಿತ್ರವೇ ಚೆಂದ, ಸೀರೆಯ ಜರಿ ಅಂಚು ಎದ್ದು ಕಾಣುತ್ತದೆ. ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲಿ ಹತ್ತು ನಿಮಿಷದ ತುಣುಕಿಗೆ ಅರ್ಧ ದಿನ ಹಿಡಿಯಿತು.

ನನಗೆ ದಿನಾ ಕಮಾಂಡ್ ಬರೆಯುವ ಅಭ್ಯಾಸ, ಆರು ಫೈಲನ್ನು ಒಂದೇ ಸಲ ಸಾಲಿಗೆ ಹಚ್ಚಬೇಕಿತ್ತು. ಹಾಗಾಗಿ ಎಫ್‌ಎಫ್‌ಎಂಪೆಗ್. ಅಕ್ಕನ ಲ್ಯಾಪ್‌ಟಾಪ್‌ಗೆ ಹಾಕಿಕೊಟ್ಟಿದ್ದು ಹ್ಯಾಂಡ್‌ಬ್ರೇಕ್.

ಉಳಿದದ್ದು ಆರನೇ ಫೈಲು. ಅದೊಂದನ್ನು ಅಂಗಡಿಯವರು ಹಲ್ಲಿದ್ದ ಹಾಗೇ 1080ಕ್ಕೆ ಹಿಗ್ಗಿಸಿದ್ದರು. ಗೆರೆ ಗೆರೆ ಕಲಸಿ ಹೋಗಿದ್ದರಿಂದ ಯಾವ ಫಿಲ್ಟರಿಗೂ ಜಗ್ಗಲಿಲ್ಲ. ಫೈರ್‌ವೈರ್ ಕಿಂಡಿ ಇರುವ ಹಳೇ ಕಂಪ್ಯೂಟರ್ ಒಂದನ್ನು ಕೇಳಿಟ್ಟಿದ್ದೇನೆ, ಕ್ಯಾಮೆರಾದಿಂದ ಆ ಟೇಪನ್ನು ನೇರವಾಗಿ ಮತ್ತೆ ಇಳಿಸಿಕೊಳ್ಳೋಣ ಅಂತ, ಗಂಟೆಗೆ ಸುಮಾರು 13 ಜಿಬಿ ಜಾಗವೂ ಬೇಕು. ಚಿಕ್ಕಪ್ಪನ ಕ್ಯಾಮೆರಾ ಇನ್ನೂ ಓಡುತ್ತದೆ, ಚಾರ್ಜರ್ ಸಿಕ್ಕಿಸಿಯೇ ಇಟ್ಟರೆ.